ಅನನ್ಯಳ ಹೆಸರಿಗೆ ಬಿದ್ದ ಬಲಗಡೆ ಹೂವು

ಕಳೆದ ಆಷಾಢದಲ್ಲಿ ನನ್ನ ಓರಗಿತ್ತಿಯ ಮಗಳಿಗೆ ಕೃಷಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ನನ್ನ ಮಗಳಿಗೆ ಸಿಗಲಿಲ್ಲ. ನನ್ನ ಸಂಕಟ ಶುರುವಾದದ್ದು ಅಲ್ಲಿಂದ. ಗಂಗಮ್ಮ ತಾಯಿಯ ಒಕ್ಕಲಿನವರೆಲ್ಲ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನನ್ನ ಹೆಸರು ಮಂಜುಳಾ. ತವರು ಬಾಗಲೂರಿನ ಕಡೆ, ಮದುವೆಯಾಗಿ ಬಂದದ್ದು ಜಕ್ಕೂರಿಗೆ. ನಮ್ಮದು ಹಳೇ ಊರೊಳಗಿನ ಮನೆ, ಓಣಿಯಲ್ಲಿ ಆಟೋ ಬಂದರೆ ಎದುರು ಮನೆಯವರು ಸ್ಕೂಟರ್ ಒಳಗೆ ತಳ್ಳಿಕೊಳ್ಳಬೇಕು. ನಮ್ಮ ಯಜಮಾನರ ಅಣ್ಣ ಕೆರೆಯ ಆಚೆಯ ಹೊಸ ಅಪಾರ್ಟ್‌ಮೆಂಟಿಗೆ ಹೋಗಿ ಆರೇಳು ವರ್ಷವಾಯಿತು. ಅವರ ಹೆಂಡತಿ ಶೋಭಕ್ಕ ನನ್ನ ಓರಗಿತ್ತಿ. ಅವಳ ಮಗಳು ಅನನ್ಯ, ನನ್ನ ಮಗಳು ಚೈತ್ರ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದವರು. ಮೊದಲು ಹಲ್ಲು ಬಂದದ್ದು ಅನನ್ಯಳಿಗೆ. ಮೊದಲು ನಡೆದದ್ದೂ ಅವಳೇ. ಹದಿನೆಂಟು ವರ್ಷದಿಂದ ನಾನು ಆ ಮನೆಯ ಸುದ್ದಿ ಕೇಳುವುದು, ಆಮೇಲೆ ನನ್ನ ಮನೆಗೆ ಬಂದು ನನ್ನ ಮಗಳ ಮುಖ ನೋಡುವುದು, ಹೀಗೇ ಆಗಿತ್ತು.

ಚೈತ್ರಳಿಗೆ ಚಿಕ್ಕಂದಿನಿಂದ ಗಿಡದ ಹುಚ್ಚು. ಪೇಂಟ್ ಬಕೆಟ್ಟಿನಲ್ಲಿ ಮಣ್ಣು ತುಂಬಿ ಮೇಲಂತಸ್ತಿನಲ್ಲಿ ಬದನೆ, ಹೀರೆ, ಬಸಳೆ ಬೆಳೆಯುತ್ತಾಳೆ. ಪ್ರತಿ ವರ್ಷ ಕೃಷಿ ಮೇಳಕ್ಕೆ ಕರೆದುಕೊಂಡು ಹೋಗಬೇಕು. ನಾನು ಅಲ್ಲಿ ನೆರಳು ಹುಡುಕಿ ಕೂತರೆ ಅವಳು ಮಳಿಗೆ ಮಳಿಗೆಗೂ ಹೋಗಿ ಪ್ರಶ್ನೆ ಕೇಳಿ ಬರುತ್ತಿದ್ದಳು. ಹೆಬ್ಬಾಳದಿಂದ ಬಸ್ಸಿನಲ್ಲಿ ಬರುವಾಗ ಆ ವಿಶ್ವವಿದ್ಯಾಲಯದ ಮರಗಳು ಶುರುವಾದವೆಂದರೆ ಸೀಟು ಬಿಟ್ಟು ಕಿಟಕಿಯ ಕಡೆ ಬಾಗುತ್ತಿದ್ದಳು. "ಅಮ್ಮ, ಓದಿದ್ರೆ ಇಲ್ಲೇ" ಅನ್ನುತ್ತಿದ್ದಳು. ಸಿಇಟಿ ಬರೆದ ಮೇಲೆ ಕಾಲೇಜುಗಳನ್ನು ಒಂದರ ಕೆಳಗೆ ಒಂದು ತುಂಬುವ ದಿನ ಅವಳು ಮೊದಲು ತುಂಬಿದ್ದು ಅದನ್ನೇ. ಅದರ ಕೆಳಗೆ ಬೇರೆ ಜಿಲ್ಲೆಗಳ ಕೃಷಿ ಕಾಲೇಜುಗಳು.

ಆದರೆ ದೂರ ಹೋಗುವ ಹಾಗಿರಲಿಲ್ಲ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಯುಗಾದಿಯ ಹೊತ್ತಿಗೆ ಬಲಗಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ದಿನ ಬಿಟ್ಟು ದಿನ ಹೆಬ್ಬಾಳದ ಆಸ್ಪತ್ರೆಗೆ ಡ್ರೆಸ್ಸಿಂಗಿಗೆ ಹೋಗಬೇಕು. ನನಗೆ ಸ್ಕೂಟರ್ ಬರುವುದಿಲ್ಲ. ಕಾಲಿಗೆ ಪ್ಲಾಸ್ಟಿಕ್ ಕವರು ಕಟ್ಟಿ, ಅಪ್ಪನನ್ನು ಹಿಂದೆ ಕೂರಿಸಿಕೊಂಡು, ಸರ್ವಿಸ್ ರೋಡಿನಲ್ಲೇ ನಿಧಾನ ಹೋಗಿ ಬರುತ್ತಿದ್ದವಳು ಚೈತ್ರ. "ಇಲ್ಲಿ ಸಿಕ್ಕಿದ್ರೆ ಅಗ್ರಿ, ಇಲ್ದಿದ್ರೆ ಯಲಹಂಕದಲ್ಲಿ ಬಿಕಾಂ" ಎಂದು ಅವಳೇ ಹೇಳಿಬಿಟ್ಟಿದ್ದಳು. ನಾವು ಯಾರೂ ಹೇಳಿದ್ದಲ್ಲ. ಅದೇ ನನ್ನ ಎದೆಗೆ ಚುಚ್ಚುತ್ತಿತ್ತು.

ಮೊದಲನೇ ಸುತ್ತಿನ ಸೀಟು ಹಂಚಿಕೆ ಬಂದ ದಿನ ಚೈತ್ರಳಿಗೆ ಬಂದದ್ದು ದೂರದ ಜಿಲ್ಲೆಯ ಕಾಲೇಜು. ಅವಳು ಫೋನು ಕೆಳಗಿಟ್ಟು ಬಕೆಟ್ಟುಗಳಿಗೆ ನೀರು ಹಾಕಲು ಮೇಲೆ ಹೋದಳು. ಅಷ್ಟರಲ್ಲಿ ಶೋಭಕ್ಕನ ಫೋನು.

"ಮಂಜು, ನಮ್ಮ ಅನನ್ಯಂಗೆ ಇಲ್ಲೇ ಅಗ್ರಿ ಸಿಕ್ಬಿಡ್ತು ಕಣೇ! ಅವಳೇನೋ ವೆಟರ್ನರಿ ಫಸ್ಟ್ ಹಾಕಿದ್ಲು, ಇದು ಸುಮ್ನೆ ಬ್ಯಾಕಪ್ಪಿಗೆ. ನಿಮ್ಮ ಚೈತ್ರಂದು ಎಲ್ಲಿ ಬಂತು?"

"ಇನ್ನೂ ನೋಡಿಲ್ಲ ಅಕ್ಕ, ಸರ್ವರ್ ಬ್ಯುಸಿ ಬರ್ತಿದೆ" ಎಂದೆ.

ಬ್ಯಾಕಪ್ಪಿಗೆ! ಆ ಒಂದು ಮಾತು ನನ್ನನ್ನು ಅರೆದುಹಾಕಿತು. ನಮ್ಮದು ಒಂದೇ ಮನೆತನ, ಒಂದೇ ಕೆಟಗರಿ. ನಮ್ಮ ಕೆಟಗರಿಯಲ್ಲಿ ಇಲ್ಲಿಯ ಸೀಟುಗಳು ಅನನ್ಯಳ ರ‍್ಯಾಂಕಿಗೇ ನಿಂತುಹೋಗಿದ್ದವು. ಅವಳ ಹಿಂದೆ ಸ್ವಲ್ಪದರಲ್ಲೇ ಚೈತ್ರ. ಕೊನೇ ಲಾಡು ನನ್ನ ಮಗಳ ಮುಂದೆ ಕೂತವಳ ಎಲೆಗೆ ಬಿದ್ದಿತ್ತು, ಅವಳಿಗೋ ಹಸಿವೇ ಇಲ್ಲ.

ಸಂಜೆ ಶೋಭಕ್ಕ ಸ್ವೀಟಿನ ಡಬ್ಬಿ ಕಳಿಸಿದಳು. ಯಜಮಾನರು ತಿನ್ನುವ ಹಾಗಿಲ್ಲ, ಚೈತ್ರ ಮುಟ್ಟಲಿಲ್ಲ. ನಾನು ಒಂದು ತಿಂದೆ. ಚೆನ್ನಾಗಿತ್ತು, ಅದಕ್ಕೂ ಹೊಟ್ಟೆ ಉರಿಯಿತು.

ಆಮೇಲಿನ ದಿನಗಳಲ್ಲಿ ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಅನನ್ಯ ಕೋಚಿಂಗ್ ಹೋಗಿದ್ದಳು, ಅನನ್ಯಳಿಗೆ ಮನೆಗೇ ಮೇಷ್ಟ್ರು ಬರುತ್ತಿದ್ದರು, ಅನನ್ಯ ಒಂದು ಲೋಟ ತೊಳೆದವಳಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಅನನ್ಯ, ಬಟ್ಟೆ ಹಿಂಡುವಾಗ ಅನನ್ಯ.

ಚೈತ್ರ ಒಂದು ದಿನ ನಕ್ಕುಬಿಟ್ಟಳು. "ಅಮ್ಮಾ, ನೀನು ದಿನಕ್ಕೆ ನನ್ನ ಹೆಸರಿಗಿಂತ ಅವಳ ಹೆಸರೇ ಜಾಸ್ತಿ ಹೇಳ್ತೀಯ. ನಂಗೆ ನಿಂಗೆ ಮಗಳು ಯಾರು ಅಂತ ಡೌಟು."

ಸೀಟು ಬಂದವರು ತಮ್ಮ ಉತ್ತರ ಕೊಡಬೇಕು ಎಂದು ಅವಳೇ ನನಗೆ ತಿಳಿಸಿ ಹೇಳಿದಳು. ಒಂದನೇ ಚಾಯ್ಸ್ ಒತ್ತಿದರೆ, ಇದೇ ಸಾಕು, ಸೇರುತ್ತೇನೆ ಎಂದು. ಎರಡನೇದು ಒತ್ತಿದರೆ, ಇದು ನನ್ನ ಕೈಯಲ್ಲೇ ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲೆ ಬರೆದದ್ದು ಸಿಕ್ಕರೆ ಕೊಡಿ ಎಂದು. ಚೈತ್ರ ಎರಡನೇದು ಒತ್ತಿದಳು. "ಬರುತ್ತಾ?" ಎಂದೆ. "ಕಷ್ಟ ಅಮ್ಮ" ಎಂದಳು.

ಆ ಶುಕ್ರವಾರ ನಾನು ತವರಿನ ಕಡೆಯ ಗಂಗಮ್ಮ ತಾಯಿಯ ಗುಡಿಗೆ ಹೂ ಕೇಳಲು ಹೊರಟೆ. ಜಕ್ಕೂರಿನಿಂದ ಯಲಹಂಕ, ಅಲ್ಲಿಂದ ಬಾಗಲೂರಿನ ಬಸ್ಸು. ಹೆಂಗಸರಿಗೆ ಟಿಕೆಟ್ ಇಲ್ಲದ್ದು ತಾಯಿಯ ದಯೆ, ಆಷಾಢ ಶುಕ್ರವಾರದ ಆ ನೂಕುನುಗ್ಗಲಲ್ಲಿ ಒಬ್ಬ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟದ್ದು ಇನ್ನೊಂದು ದಯೆ. ಆದರೆ ಕೂತವಳು ಸುಮ್ಮನೆ ಕೂತೆನೇ? ಇಲ್ಲ. ದಾರಿಯುದ್ದಕ್ಕೂ ಆ ಫ್ಲ್ಯಾಟು, ಆ ಲಿಫ್ಟು, ಆ ಹುಡುಗಿ, ಆ ಬ್ಯಾಕಪ್ಪು ಎಂದೇ ಒಳಗೊಳಗೇ ಮೆಲುಕು ಹಾಕುತ್ತಿದ್ದೆ.

ನಮ್ಮ ತಾಯಿಯ ಹತ್ತಿರ ಹೂ ಕೇಳಿದವರಿಗೆಲ್ಲ ಕ್ರಮ ಗೊತ್ತು. ಪೂಜಾರಿ ಮುನಿಯಪ್ಪನವರು ನೀರಲ್ಲಿ ಅದ್ದಿದ ಹೂಗಳನ್ನು ಅಮ್ಮನ ಬಲಕ್ಕೂ ಎಡಕ್ಕೂ ಅಂಟಿಸುತ್ತಾರೆ. ಯಾರ ಹೆಸರಿನಲ್ಲಿ, ಯಾವ ಕೆಲಸಕ್ಕೆ ಎಂದು ಕೂಗಿ ಹೇಳುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಕೆಲವರಿಗೆ ಅಮ್ಮ ಅರ್ಧ ಗಂಟೆ ಕಾಯಿಸುತ್ತಾಳೆ. ನನ್ನ ಮುಂದಿನ ಹೆಂಗಸಿಗೆ ಹಾಗೇ ಆಯಿತು, ಬೋರ್‌ವೆಲ್ ನೀರಿಗೆ ಕೇಳಿದ್ದಳು, ಕೊನೆಗೆ ಎಡಕ್ಕೆ ಬಿತ್ತು. ಅವಳು ಅಳುತ್ತಾ ಹೋದಳು.

"ಬಾಮ್ಮ, ಮುಂದಕ್ ಬಾ. ಏನ್ ಕೆಲ್ಸ?" ಎಂದರು ಮುನಿಯಪ್ಪನವರು.

"ಓದಿಂದು ಸ್ವಾಮಿ. ದೊಡ್ಡ ಕಾಲೇಜಿನ ಸೀಟು."

"ಮಗೀನ ಎಸ್ರು ಯೋಳು."

"ಅನನ್ಯ."

ನನ್ನ ಬಾಯಿಂದಲೇ ಬಂತು. ನನ್ನ ಕಿವಿಗೆ ಬೀಳುವುದರೊಳಗೆ ಅವರು ಗಂಟೆ ಬಾರಿಸಿ ಕೂಗಿಯಾಗಿತ್ತು. "ತಾಯೀ ಗಂಗಮ್ಮಾ, ಅನನ್ಯ ಅಂಬೋ ಮಗೀನ ಓದಿನ ಕೆಲ್ಸ! ಅವ್ಳ ಮನಸ್ನಾಗಿರೋ ಜಾಗ ಸಿಕ್ಕಾದಾದ್ರೆ ಬಲಗಡೆ ಕೊಡು!"

ಕೊಡು ಎನ್ನುವುದೇ ತಡ, ಬಲಗಡೆಯ ಹೂವು ಅಮ್ಮನ ಪಾದಕ್ಕೆ ಬಿತ್ತು. ಅಷ್ಟು ಬೇಗ ಬಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಸುತ್ತ ಇದ್ದವರು ಕೈ ಮುಗಿದರು.

"ಅಯ್ಯೋ, ಅಲ್ಲ ಸ್ವಾಮಿ! ಅನನ್ಯ ಅಲ್ಲ, ಚೈತ್ರ! ನನ್ನ ಮಗಳು ಚೈತ್ರ!"

ಹಿಂದೆ ನಿಂತ ಮುದುಕಿಯೊಬ್ಬಳು "ಎತ್ತ ಮಗಳ ಎಸ್ರೇ ಮರ್ತೋಯ್ತಾ ನಿಂಗೆ? ಊಟ ಮಾಡ್ಕಂಡ್ ಬಂದಿದ್ದೀಯೋ ಇಲ್ವೋ?" ಎಂದಳು. ಎಲ್ಲರೂ ನಕ್ಕರು.

"ಈ ಅನನ್ಯ ಯಾರಮ್ಮ?" ಎಂದರು ಪೂಜಾರಿ.

"ನಮ್ಮ ಓರಗಿತ್ತಿ ಮಗಳು."

"ಇನ್ನೂ ಒಳ್ಳೇದಾಯ್ತು ಬುಡು. ಮನೆ ಮಗೀಗೇ ಕೇಳ್ದಂಗಾಯ್ತು."

"ಇನ್ನೊಂದು ಸಲ ಕೇಳಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಒಂದ್ ಕೆಲ್ಸಕ್ಕೆ ಒಂದೇ ಕಿತ. ಅಮ್ಮುನ್ ಕೆಣಕ್ಬಾರ್ದು. ತಕ, ಈ ಊವ ಆ ಮಗೀಗೇ ಮುಡ್ಸು. ಬ್ಯಾರೆಯವ್ರಿಗೆ ಮುಡ್ಸಿದ್ರೆ ಪಲ ಕೊಡಾಕಿಲ್ಲ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ. ಒಂದು ಹೂವು, ಅದನ್ನೂ ನಾನೇ ತೆಗೆದುಕೊಂಡು ಹೋಗಿ ಅವಳಿಗೆ ಕೊಟ್ಟ ಹಾಗಾಯಿತಲ್ಲ! ಅವಳಿಗೆ ಸೀಟಿದೆ, ಮನೆಯಿದೆ, ಇನ್ನು ತಾಯಿಯ ಬಲಗಡೆ ಹೂವೂ ಬೇಕೇ? ಸೆರಗಿನ ಗಂಟಿನಲ್ಲಿದ್ದ ಆ ಹೂವನ್ನು ಚೈತ್ರಳ ಜಡೆಗೆ ಸಿಕ್ಕಿಸಿಬಿಡೋಣ, ತಾಯಿ ಕ್ಷಮಿಸುತ್ತಾಳೆ ಎಂದುಕೊಂಡೆ. ಜಕ್ಕೂರಿನಲ್ಲಿ ಇಳಿದ ಮೇಲೆ ಮನೆಯ ದಾರಿ ಎಡಕ್ಕೆ, ಶೋಭಕ್ಕನ ಅಪಾರ್ಟ್‌ಮೆಂಟಿನ ದಾರಿ ಬಲಕ್ಕೆ. ತುಂಬಾ ಹೊತ್ತು ನಿಂತೆ. ಹೆದರಿಕೆಯಾಯಿತು. ಯಜಮಾನರ ಕಾಲು ನೆನಪಾಯಿತು. ತಾಯಿಯ ಮಾತು ಮೀರಿದವಳ ಮನೆಗೆ ಒಳ್ಳೆಯದಾದೀತೇ? ಬಲಕ್ಕೆ ನಡೆದೆ. ಒಳ್ಳೆಯ ಮನಸ್ಸಿನಿಂದಲ್ಲ, ಭಯದಿಂದ.

ಅಲ್ಲಿ ಬಾಗಿಲು ತೆರೆದವಳು ಅನನ್ಯ. ಕಣ್ಣು ಕೆಂಪಗೆ ಊದಿಕೊಂಡಿದ್ದವು. ಒಳಗಿನಿಂದ ಶೋಭಕ್ಕನ ಧ್ವನಿ ಬರುತ್ತಿತ್ತು.

"ಹುಡುಗಿಯಾಗಿ ದನದ ಡಾಕ್ಟ್ರಾ? ಹಸು ಬಾಲ ಹಿಡ್ಕೊಂಡು ಹಳ್ಳಿ ಹಳ್ಳಿ ಸುತ್ತಾಳಂತೆ! ಸಿಕ್ಕಿರೋದಕ್ಕೆ ಒಂದನೇ ಚಾಯ್ಸ್ ಒತ್ತು, ಮುಗೀತು. ಇವತ್ತೇ ಕೊನೇ ದಿನ. ಬಾ ಮಂಜು, ನೀನಾದ್ರೂ ಇವಳಿಗೆ ಬುದ್ಧಿ ಹೇಳು."

"ಚಿಕ್ಕಮ್ಮ, ನಂಗೆ ಅಗ್ರಿ ಬೇಡ" ಎಂದಳು ಅನನ್ಯ. "ನಾನು ಎರಡನೇ ಚಾಯ್ಸ್ ಒತ್ತಿ ವೆಟರ್ನರಿಗೆ ಕಾಯ್ತೀನಿ ಅಂದ್ರೆ ಮಮ್ಮಿ ಬಿಡ್ತಿಲ್ಲ."

ಆಗ ನನಗಾದದ್ದನ್ನು ಹೇಗೆ ಹೇಳಲಿ? ನನ್ನ ಮಗಳು ಯಾವುದು ಸಿಗಲಿಲ್ಲವೆಂದು ಬಕೆಟ್ಟಿನ ಗಿಡಗಳ ಮಧ್ಯೆ ಕೂತು ಅಳುತ್ತಿದ್ದಳೋ, ಅದನ್ನು ಬೇಡವೆಂದು ಇವಳು ಸೋಫಾದ ಮೇಲೆ ಕೂತು ಅಳುತ್ತಿದ್ದಾಳೆ. ಕೆನ್ನೆಗೆ ಎರಡು ಕೊಡೋಣ ಎನ್ನಿಸಿತು. ಕೊಡಲಿಲ್ಲ. ಸೆರಗಿನ ಗಂಟು ಬಿಚ್ಚಿ, "ತಗೋ, ನಿನ್ನ ಹೆಸರಲ್ಲಿ ಗಂಗಮ್ಮ ಬಲಗಡೆ ಕೊಟ್ಟಿದ್ದಾಳೆ. ನಿನ್ನ ಮನಸ್ಸಲ್ಲಿರೋ ಜಾಗ ಸಿಗುತ್ತಂತೆ" ಎಂದೆ. ಬೇಗ ಕೊಟ್ಟು ಹೊರಡುವ ಆತುರ ನನಗೆ.

ಅನನ್ಯ ಹೂವನ್ನು ಕಣ್ಣಿಗೊತ್ತಿಕೊಂಡಳು. "ನೋಡಿದ್ಯಾ ಮಮ್ಮಿ! ನಾನು ಕೇಳದೇನೇ ಚಿಕ್ಕಮ್ಮ ಹೋಗಿ ಕೇಳಿಕೊಂಡು ಬಂದಿದ್ದಾರೆ. ಮನಸ್ಸಲ್ಲಿರೋ ಜಾಗ ಅಂತೆ!"

ಶೋಭಕ್ಕ ಎಷ್ಟೇ ಜೋರಿನವಳಾದರೂ ಗಂಗಮ್ಮನೆಂದರೆ ಹೆದರುತ್ತಾಳೆ. ಹೂವನ್ನು ನೋಡಿದಳು, ನನ್ನನ್ನು ನೋಡಿದಳು. "ಅಮ್ಮನೇ ಕೊಟ್ಟ ಮೇಲೆ ನಾನ್ಯಾರು? ಒತ್ತಿಕೋ ನಿನ್ನ ಎರಡನೇದನ್ನೇ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿನ್ನ ಮಗಳಿಗೆ ಸಿಗದೆ ಇರೋವಾಗಲೂ ನನ್ನ ಮಗಳಿಗೋಸ್ಕರ ಹೋಗಿ ಬಂದ್ಯಲ್ಲ ಮಂಜು. ನಿನ್ನಂಥ ಮನಸ್ಸು ಯಾರಿಗಿದೆ?" ಎಂದಳು. ಕಾಫಿ ಕೊಟ್ಟಳು, ಕುಡಿದೆ. ಅವಳ ಮನೆಯ ಕಾಫಿ ಯಾವಾಗಲೂ ನನ್ನ ಕಾಫಿಗಿಂತ ಚೆನ್ನಾಗಿರುತ್ತದೆ.

ಶ್ರಾವಣ ಬಂತು. ಯಜಮಾನರ ಕಾಲಿನ ಗಾಯ ಕಪ್ಪಾಗತೊಡಗಿತು. ಆಸ್ಪತ್ರೆಗೆ ಸೇರಿಸಿದರು. ಬೆರಳು ತೆಗೆಯಬೇಕಾಗಬಹುದು, ಎರಡು ದಿನ ಔಷಧಿ ಕೊಟ್ಟು ನೋಡೋಣ ಎಂದರು ಡಾಕ್ಟರು. ಚೈತ್ರ ಬೆಳಿಗ್ಗೆ ಯಲಹಂಕದ ಕಾಲೇಜಿಗೆ ಹೋಗಿ ಬಿಕಾಂ ಅರ್ಜಿ ತಂದಳು. ವಾರ್ಡಿನಲ್ಲಿ ಅಪ್ಪನ ಮಂಚದ ತುದಿಯಲ್ಲಿ ಕೂತು ತುಂಬಿದಳು. ಅವಳ ಅಕ್ಷರ ಮುತ್ತಿನ ಹಾಗೆ ಇರುತ್ತದೆ. ಅಂದು ವಕ್ರವಾಗಿತ್ತು.

"ಮಗಾ, ನನ್ನ ಕಾಲಿಗೋಸ್ಕರ ನಿನ್ನ ಓದು ಬಿಡ್ಬೇಡ. ದೂರ ಆದ್ರೂ ಹೋಗು" ಎಂದರು ಯಜಮಾನರು.

"ಸುಮ್ನಿರಪ್ಪ, ಲೆಕ್ಕ ನಂಗೆ ಇಷ್ಟಾನೇ" ಎಂದಳು.

ಹತ್ತನೇ ಕ್ಲಾಸಿನಿಂದ ಅವಳು ಲೆಕ್ಕವೆಂದರೆ ಮುಖ ಸಿಂಡರಿಸುವವಳು. ನಾನು ಎದ್ದು ವರಾಂಡಕ್ಕೆ ಹೋದೆ. ತಾಯಿಯ ಜೊತೆ ಜಗಳವಾಡಿದೆ. "ಹೆಸರು ತಪ್ಪಿ ಹೇಳಿದ್ದು ನಾನು, ಶಿಕ್ಷೆ ಮಗುಗೆ ಯಾಕಮ್ಮ? ನಿನಗೂ ಫ್ಲ್ಯಾಟಿನವರೇ ಬೇಕಾದರಾ? ಹಳೇ ಊರಿನವರು ಬೇಡವಾದರಾ?" ಎಂದು ಗೋಡೆಗೆ ಒರಗಿ ಕೇಳಿದೆ. ಲಿಫ್ಟಿನ ಹತ್ತಿರ ಕೂತಿದ್ದ ಒಬ್ಬ ಮುಸ್ಲಿಂ ಹೆಂಗಸು, ಅವಳ ಮಾವ ನಮ್ಮದೇ ವಾರ್ಡಿನಲ್ಲಿದ್ದರು, ತನ್ನ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, "ಕುಡೀರಿ ಅಕ್ಕ, ಆಮೇಲೆ ಬೇಕಾದ್ರೆ ಅಳಿ" ಎಂದಳು. ಅದೂ ಒಂದು ದಯೆಯೇ.

ಮರುದಿನ ಸಂಜೆ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, "ಬಣ್ಣ ತಿರುಗ್ತಿದೆ, ಬೆರಳು ಉಳಿಯುತ್ತೆ" ಎಂದರು. ನಾನು ಅಲ್ಲೇ ಕೈ ಮುಗಿದೆ. ಇನ್ನೇನೂ ಕೇಳುವುದಿಲ್ಲ ತಾಯಿ, ಇಷ್ಟು ಸಾಕು ಎಂದುಕೊಂಡೆ. ಅಷ್ಟು ಹೊತ್ತಿಗೆ ಚೈತ್ರ ವಾರ್ಡಿನ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದಳು.

"ಅಮ್ಮ, ಎರಡನೇ ಸುತ್ತು ಬಿಟ್ಟಿದ್ದಾರೆ. ಇಲ್ಲೇ ಬಂತು. ಅಗ್ರಿ. ಇಲ್ಲೇ!"

ನನಗೆ ನಂಬಿಕೆ ಬರಲಿಲ್ಲ. "ಸರಿಯಾಗಿ ನೋಡೇ, ಸೀಟಿಲ್ಲ ಅಂದಿದ್ದರಲ್ಲ?"

"ಖಾಲಿಯಾಯ್ತು ಅಮ್ಮ. ಅನನ್ಯಂಗೆ ವೆಟರ್ನರಿ ಬಂತಂತೆ, ಈಗ ಮೆಸೇಜ್ ಹಾಕಿದ್ಲು. ಅವಳು ಮೇಲೆ ಹೋದ್ಲು, ಅವಳಿದ್ದ ಜಾಗ ಬಿಟ್ಟುಹೋಯ್ತು, ಕ್ಯೂ ಒಂದು ಹೆಜ್ಜೆ ಮುಂದೆ ಬಂತು. ಅವಳು ಅವತ್ತು ಒಂದನೇ ಚಾಯ್ಸ್ ಒತ್ತಿದ್ದಿದ್ರೆ ಅಲ್ಲಿಗೆ ಮುಗೀತಿತ್ತು, ನಂಗೆ ಬರ್ತಾನೇ ಇರಲಿಲ್ಲ."

ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವತ್ತು ನಾನು ಚೈತ್ರಳ ಹೆಸರೇ ಹೇಳಿದ್ದರೆ? ಹೂವನ್ನು ಚೈತ್ರಳಿಗೇ ಮುಡಿಸಿದ್ದರೆ? ಶೋಭಕ್ಕನ ಬಾಗಿಲಿಗೆ ನಾನು ಹೋಗುತ್ತಿರಲಿಲ್ಲ, ಆ ಹುಡುಗಿ ಅಮ್ಮನ ಮಾತಿಗೆ ಸೋತು ಒಂದನೇದನ್ನೇ ಒತ್ತಿರುತ್ತಿದ್ದಳು. ನನ್ನ ಹೊಟ್ಟೆಕಿಚ್ಚನ್ನೇ ನಾಲಿಗೆಯ ಮೇಲೆ ತಂದು, ಅದರಿಂದಲೇ ನನ್ನ ಮಗಳಿಗೆ ದಾರಿ ಮಾಡಿಸಿದವಳು ಗಂಗಮ್ಮ. ಅಲ್ಲಿಯವರೆಗೆ ಗುಟ್ಟಾಗಿಟ್ಟಿದ್ದ ನನ್ನ ಎಡವಟ್ಟನ್ನು ಅಪ್ಪ ಮಗಳಿಗೆ ಹೇಳಿದೆ. ಯಜಮಾನರು ನಕ್ಕ ರಭಸಕ್ಕೆ ಡ್ರಿಪ್ಪಿನ ಕಂಬಿ ಅಲ್ಲಾಡಿ ನರ್ಸು ಬಂದು ಬೈದಳು. ಆ ಮನುಷ್ಯ ನಕ್ಕಿದ್ದನ್ನು ನಾನು ಯುಗಾದಿಯಿಂದ ನೋಡಿರಲಿಲ್ಲ.

ಚೈತ್ರ ಅದನ್ನು ಅನನ್ಯಳಿಗೆ ಹೇಳಿದಳು, ಅನನ್ಯ ಅಮ್ಮನಿಗೆ ಹೇಳಿದಳು. ಶೋಭಕ್ಕ ಫೋನು ಮಾಡಿ, "ಬಾಯಿತಪ್ಪಿಯಾದ್ರೂ ನನ್ನ ಮಗಳ ಹೆಸರು ಬಂತಲ್ಲ ಕಣೇ, ಸಾಕು" ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಹೆಂಗೋ ನಮ್ಮ ಅನನ್ಯ ಬಿಟ್ಟ ಸೀಟು ನಮ್ಮ ಮನೇಲೇ ಉಳೀತು ಬಿಡು" ಎಂದಳು.

ಅನನ್ಯ ಬಿಟ್ಟ ಸೀಟು! ಕಾಲೇಜಿಗೆ ಸೇರಿಸಲು ಹೋದ ದಿನ ಬಸ್ಸಿನಲ್ಲಿ ಅದನ್ನೇ ಗೊಣಗಿದೆ. ತಾಯಿ ಕೊಟ್ಟಳು ನಿಜ, ಆದರೆ ಅವರಿಗೆ ಮೊದಲು ಬಡಿಸಿ ಮಿಕ್ಕಿದ್ದನ್ನು ನಮಗೆ ಕೊಟ್ಟಳಲ್ಲ, ನೇರವಾಗಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದೆ.

ಚೈತ್ರ ಕಿಟಕಿಯಿಂದ ತಿರುಗಿದಳು. "ಮಿಕ್ಕಿದ್ದಾ? ಅಮ್ಮಾ, ಇದು ಅವಳು ಬರೆದಿದ್ದರಲ್ಲಿ ಎರಡನೇದು. ನಾನು ಬರೆದಿದ್ದರಲ್ಲಿ ಮೊದಲನೇದು. ಅವಳಿಗೂ ಅವಳ ಮೊದಲನೇದು ಸಿಕ್ತು, ನಂಗೂ ನನ್ನ ಮೊದಲನೇದು ಸಿಕ್ತು. ಇದರಲ್ಲಿ ಮಿಕ್ಕಿದ್ದು ಯಾರದು?"

ಅಷ್ಟರಲ್ಲಿ ನಮ್ಮ ಸ್ಟಾಪು ಬಂತು.

ಗೌರಿ ಹಬ್ಬಕ್ಕೆ ಶೋಭಕ್ಕ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಓಣಿಯವರೆಲ್ಲ ಬಂದು ಹುಡುಗಿಯರನ್ನು ನೋಡಿ, "ನಿಮಗೇನ್ರೀ ಮಂಜುಳಮ್ಮ, ಒಬ್ಬಳು ಡಾಕ್ಟ್ರು, ಒಬ್ಬಳು ಕೃಷಿ" ಎಂದು ಹೋದರು. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು. ದೀಪ ಹಚ್ಚಿದ ಮೇಲೆ ಇಬ್ಬರನ್ನೂ ಒಂದೇ ಮಣೆಯ ಮೇಲೆ ಒತ್ತಿ ಕೂರಿಸಿ, ಉಪ್ಪು ಮೆಣಸಿನಕಾಯಿ ಹಿಡಿದು ನಿವಾಳಿಸಿದೆ. ನಾಯಿ ಕಣ್ಣು, ನರಿ ಕಣ್ಣು, ಊರವರ ಕಣ್ಣು, ಕೇರಿಯವರ ಕಣ್ಣು ಎಂದು ಹೇಳುತ್ತಾ ಬಂದೆ.

"ಚಿಕ್ಕಮ್ಮನ ಕಣ್ಣು ಬಿಟ್ಟೆಯಲ್ಲೇ" ಎಂದಳು ಶೋಭಕ್ಕ.

"ದೊಡ್ಡಮ್ಮನ ಕಣ್ಣೂ ಸೇರಿಸ್ತೀನಿ ಇರಿ ಅಕ್ಕ" ಎಂದೆ.

ಒಲೆಗೆ ಹಾಕಿದೆ. ಮೆಣಸಿನಕಾಯಿ ಚಟಪಟ ಸುಟ್ಟಿತು, ಒಂದಿಷ್ಟೂ ಘಾಟು ಬರಲಿಲ್ಲ. ದೃಷ್ಟಿ ಇಲ್ಲದಿದ್ದರೆ ಮನೆಯೆಲ್ಲ ಕೆಮ್ಮಬೇಕಿತ್ತು. ಅಷ್ಟು ದೃಷ್ಟಿ ಇತ್ತೆಂದು ಅರ್ಥ.

"ಅಷ್ಟೂ ನಿಂದೇ ಕಣೇ ಮಂಜು" ಎಂದಳು ಶೋಭಕ್ಕ.

"ಅರ್ಧ ನಿಮ್ದು ಅಕ್ಕ" ಎಂದೆ.

ಹುಡುಗಿಯರು ಮಣೆಯ ಮೇಲಿಂದ ಉರುಳಿ ನಕ್ಕರು. ಪಟ್ಟಿ ಚಿಕ್ಕದಾದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಯಜಮಾನರೂ ನಕ್ಕರು. ನನ್ನ ಹೊಟ್ಟೆಯುರಿ ಪೂರ್ತಿ ಹೋಯಿತೆಂದು ಬರೆದರೆ ತಾಯಿಗೆ ಸುಳ್ಳು ಹೇಳಿದಂತೆ. ಅದನ್ನು ಇಟ್ಟುಕೊಂಡೇ ಅವಳ ಮುಂದೆ ನಿಲ್ಲುತ್ತೇನೆ, ಅವಳು ಅದನ್ನೂ ಯಾವುದಕ್ಕಾದರೂ ಬಳಸಿಕೊಳ್ಳುತ್ತಾಳೆ. ನನ್ನ ಮಗಳು ದಿನಾ ಬೆಳಿಗ್ಗೆ ತಿಂಡಿ ತಿಂದು ಅಲ್ಲಿಗೆ ಹೋಗುತ್ತಾಳೆ, ಸಂಜೆ ಚಪ್ಪಲಿಗೆ ಹೊಲದ ಮಣ್ಣು ಮೆತ್ತಿಕೊಂಡು ಮನೆಗೆ ಬರುತ್ತಾಳೆ. ಗಂಗಮ್ಮ, ಬಾಗಿಲಲ್ಲಿ ಬೀಳುವ ಆ ಮಣ್ಣನ್ನು ಗುಡಿಸುವಾಗಲೆಲ್ಲ ನಿನಗೆ ಒಂದು ನಮಸ್ಕಾರ.